ಸೇ, ಟೆಲ್, ಸ್ಪೀಕ್, ಟಾಕ್: ಇಂಗ್ಲಿಷಿನ ಮಾತುಕತೆಯ ಪದಗಳನ್ನು ಸರಿಯಾಗಿ ಬಳಸಲು ಕರಾವಳಿಯವರಿಗೊಂದು ಮಾರ್ಗದರ್ಶಿ

ಮಂಗಳೂರು, ಉಡುಪಿ ಕಡೆಯವರಿಗೆ ಭಾಷೆ ಕಲಿಯುವುದು ಹೊಸ ಕೆಲಸವಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಕುಂದಾಪ್ರ ಕನ್ನಡವೋ, ಶಾಲೆಯಲ್ಲಿ ಪುಸ್ತಕದ ಕನ್ನಡ, ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಕೂತರೋ ಅವರ ಭಾಷೆ. ಹೀಗೆ ಒಂದೇ ದಿನದಲ್ಲಿ ಮೂರು ನಾಲ್ಕು ಭಾಷೆ ದಾಟುವವರು, ಬ್ಯಾಂಕಿನ ಸಂದರ್ಶನದಲ್ಲೋ ಗಲ್ಫಿನ ಕಂಪೆನಿಯಿಂದ ಬಂದ ಫೋನಿನಲ್ಲೋ ಇಂಗ್ಲಿಷ್ ಎಂದ ಕೂಡಲೇ ತಡವರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವರಿಗೆ ಪದ ಗೊತ್ತಿಲ್ಲವೆಂದಲ್ಲ. ದೊಡ್ಡ ದೊಡ್ಡ ಪದಗಳೆಲ್ಲ ಗೊತ್ತಿರುತ್ತವೆ. ಎಡವುವುದು ಹೇಳು, ಮಾತಾಡು, ಕೇಳು, ಚರ್ಚಿಸು ಎಂಬ ದಿನನಿತ್ಯದ ಪದಗಳ ಇಂಗ್ಲಿಷ್ ರೂಪಗಳಲ್ಲಿ.

ಈ ತಪ್ಪುಗಳಿಗೆ ಮೂಲ ಒಂದೇ. ಮಾತಿಗೆ ಸಂಬಂಧಿಸಿದ ಪ್ರತಿಯೊಂದು ಇಂಗ್ಲಿಷ್ ಕ್ರಿಯಾಪದವೂ ತನ್ನ ಬೆನ್ನಿಗೆ ಏನು ಬರಬೇಕು ಎಂಬುದನ್ನು ತಾನೇ ನಿರ್ಧರಿಸುತ್ತದೆ. ಕೆಲವಕ್ಕೆ ಮನುಷ್ಯ ಬೇಕು, ಕೆಲವಕ್ಕೆ ವಿಷಯ ಬೇಕು, ಕೆಲವಕ್ಕೆ ನಡುವೆ 'ಟು' ಬೇಕು. ನಾವು ಪದದ ಅರ್ಥವನ್ನು ಮಾತ್ರ ಕಲಿತು, ಅದರ ಮುಂದಿನ ಜಾಗವನ್ನು ಕನ್ನಡದ ಅಭ್ಯಾಸದಂತೆ ತುಂಬಿಸುತ್ತೇವೆ. ಆ ಜಾಗವನ್ನೂ ಸೇರಿಸಿ ಕಲಿಯುವುದು ಹೇಗೆಂದು ಇಲ್ಲಿ ಹಂತಹಂತವಾಗಿ ಬರೆದಿದ್ದೇನೆ. ಉದಾಹರಣೆಗಳನ್ನು ಬಾಯಿಬಿಟ್ಟು ಓದಿ. ಕಣ್ಣಿನಲ್ಲಿ ಓದಿದರೆ ಇದು ಹತ್ತುವುದಿಲ್ಲ.

ಹಂತ 1: ನಮ್ಮ ಭಾಷೆ ಏನು ಮಾಡುತ್ತದೆ ಎಂದು ಮೊದಲು ನೋಡಿ

ಕನ್ನಡದಲ್ಲಿ 'ಹೇಳು' ಎಂಬ ಒಂದೇ ಪದ ಇಂಗ್ಲಿಷಿನ 'ಸೇ' ಮತ್ತು 'ಟೆಲ್' ಎರಡರ ಕೆಲಸವನ್ನೂ ಮಾಡುತ್ತದೆ. 'ಮಾತಾಡು' ಎಂಬುದು 'ಸ್ಪೀಕ್' ಮತ್ತು 'ಟಾಕ್' ಎರಡಕ್ಕೂ ಸಾಕಾಗುತ್ತದೆ. 'ಕೇಳು' ಇನ್ನೂ ದೊಡ್ಡದು: ಪ್ರಶ್ನೆ ಕೇಳುವುದು, ವಸ್ತು ಕೇಳುವುದು, ಹಾಡು ಕೇಳುವುದು, ಸದ್ದು ಕೇಳುವುದು ಎಲ್ಲವೂ ಅದರೊಳಗೆ. ತುಳುವಿನಲ್ಲಿಯೂ ಹೀಗೆಯೇ. 'ಪಣ್ಪಿನಿ' ಒಂದು, 'ಪಾತೆರುನು' ಒಂದು, 'ಕೇಣುನಿ' ಒಂದು.

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದುಂಟು. ಕನ್ನಡದಲ್ಲಿ ಯಾರಿಗೆ, ಯಾವುದನ್ನು, ಯಾರ ಹತ್ತಿರ ಎಂಬುದನ್ನು ವಿಭಕ್ತಿ ಪ್ರತ್ಯಯವೋ ಅದರಂಥ ಒಂದು ಪದವೋ ತಿಳಿಸುತ್ತದೆ. 'ಅವನಿಗೆ ವಿಷಯ ಹೇಳಿದೆ' ಎಂದರೂ ಆಯಿತು, 'ವಿಷಯ ಅವನಿಗೆ ಹೇಳಿದೆ' ಎಂದರೂ ಆಯಿತು. ಇಂಗ್ಲಿಷಿನಲ್ಲಿ ನಾಮಪದಕ್ಕೆ ಅಂಥ ಪ್ರತ್ಯಯವಿಲ್ಲ. ಪದ ನಿಂತ ಜಾಗ ಮತ್ತು 'ಟು', 'ವಿತ್', 'ಅಬೌಟ್' ಮುಂತಾದ ಕಿರುಪದಗಳೇ ಆ ಕೆಲಸ ಮಾಡಬೇಕು. ಮಂಗಳೂರು ಕನ್ನಡದಲ್ಲಿ ನಾವು 'ಅವರ ಹತ್ರ ಹೇಳಿ', 'ಅವರ ಹತ್ರ ಕೇಳಿ' ಎನ್ನುತ್ತೇವೆ. ತುಳುವಿನಲ್ಲಿ 'ಆಯಡ ಪಣ್ಲೆ', 'ಆಯಡ ಕೇಣ್ಲೆ'. ಈ 'ಹತ್ರ' ಮತ್ತು 'ಡ' ಇಂಗ್ಲಿಷಿಗೆ ಹೋಗುವಾಗ 'ಟು' ಆಗಿಬಿಡುತ್ತವೆ. 'ಟೆಲ್ ಟು ಹಿಮ್', 'ಆಸ್ಕ್ ಟು ಹಿಮ್' ಎಂಬ ತಪ್ಪುಗಳು ಹುಟ್ಟುವುದು ಹೀಗೆ. ತಪ್ಪಿನ ಬೇರು ತಿಳಿದ ಮೇಲೆ ಅದನ್ನು ಕೀಳುವುದು ಸುಲಭ.

ಹಂತ 2: 'ಸೇ' ಮತ್ತು 'ಟೆಲ್' ಬೇರೆ ಮಾಡಿಕೊಳ್ಳಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಇದೊಂದು ಸರಿಯಾದರೆ ಕೇಳುವವರಿಗೆ ನಿಮ್ಮ ಇಂಗ್ಲಿಷ್ ಬೇರೆಯೇ ಆಗಿ ಕೇಳಿಸುತ್ತದೆ.

'ಟೆಲ್' ಪದದ ಬೆನ್ನಿಗೆ ಮನುಷ್ಯ ಬರಬೇಕು, ನೇರವಾಗಿ, 'ಟು' ಇಲ್ಲದೆ. 'ಶೀ ಟೋಲ್ಡ್ ಮಿ.' 'ಟೆಲ್ ಯುವರ್ ಬ್ರದರ್.' 'ಐ ಟೋಲ್ಡ್ ದ ಮ್ಯಾನೇಜರ್ ದಟ್ ದ ಫೈಲ್ ವಾಸ್ ರೆಡಿ.' ಯಾರಿಗೆ ಹೇಳಿದ್ದು ಎಂಬುದು ಇಲ್ಲದೆ 'ಹಿ ಟೋಲ್ಡ್ ದಟ್ ಹಿ ವಿಲ್ ಕಮ್' ಎಂದರೆ ವಾಕ್ಯದಲ್ಲಿ ಒಂದು ಜಾಗ ಖಾಲಿ ಬಿದ್ದಂತೆ. ನಮ್ಮ ಕಡೆ ನಾನು ಅತಿ ಹೆಚ್ಚು ಕೇಳುವ ತಪ್ಪು ಇದೇ.

'ಸೇ' ಪದದ ಬೆನ್ನಿಗೆ ಆಡಿದ ಮಾತು ಬರಬೇಕು. 'ಹಿ ಸೆಡ್ ದಟ್ ಹಿ ವುಡ್ ಕಮ್.' ನಡುವಿನ 'ದಟ್' ಬಿಟ್ಟರೂ ನಡೆಯುತ್ತದೆ: 'ಹಿ ಸೆಡ್ ಹಿ ವುಡ್ ಕಮ್.' ಮನುಷ್ಯನನ್ನು ತರಲೇಬೇಕೆಂದರೆ 'ಟು' ಬೇಕು: 'ವಾಟ್ ಡಿಡ್ ಶೀ ಸೇ ಟು ಯು?' 'ಶೀ ಸೆಡ್ ಮಿ' ಎಂಬುದು ಎಲ್ಲಿಯೂ ಸರಿಯಲ್ಲ. ಯಾರಾದರೂ ಆಡಿದ ಮಾತನ್ನು ಇದ್ದ ಹಾಗೇ ಉದ್ಧರಿಸುವಾಗ ಸಾಮಾನ್ಯವಾಗಿ ಬರುವುದು 'ಸೇ'. 'ಗಂಟೆ ಎಷ್ಟಾಯ್ತು, ಇನ್ನೂ ಬರಲಿಲ್ಲವಾ?' ಎಂದು ಅಮ್ಮ ಅಂದದ್ದನ್ನು ಹಾಗೆಯೇ ಒಪ್ಪಿಸುವುದಾದರೆ ಅಲ್ಲಿ 'ಮೈ ಮದರ್ ಸೆಡ್' ಎಂದೇ ಶುರು ಮಾಡಿ.

ಹೀಗೆ ಮಾಡು ಎಂದು ಹೇಳಿದರು ಅನ್ನಲು 'ಟೆಲ್' ಬೇಕು. 'ದ ಡಾಕ್ಟರ್ ಟೋಲ್ಡ್ ಮಿ ಟು ರೆಸ್ಟ್.' 'ಮೈ ಅಂಕಲ್ ಟೋಲ್ಡ್ ಅಸ್ ನಾಟ್ ಟು ಗೋ ನಿಯರ್ ದ ಸೀ.' ಜೂನ್ ತಿಂಗಳಲ್ಲಿ ಪಣಂಬೂರು, ಮಲ್ಪೆಯ ಕಡಲಿನ ಬಳಿ ಈ ವಾಕ್ಯ ನಿಜವಾಗಿಯೂ ಬೇಕಾಗುತ್ತದೆ. ಇಲ್ಲಿ 'ಸೆಡ್ ಅಸ್ ನಾಟ್ ಟು ಗೋ' ಎನ್ನುವ ಹಾಗಿಲ್ಲ.

ಫಲಕ, ಪತ್ರ, ಗಡಿಯಾರಗಳು ಏನನ್ನೋ 'ಹೇಳುವಾಗ' ಇಂಗ್ಲಿಷಿನಲ್ಲಿ 'ಸೇ' ಬರುತ್ತದೆ. 'ದ ಬೋರ್ಡ್ ಸೆಝ್ ಉಡುಪಿ.' 'ದ ನೋಟಿಸ್ ಸೆಝ್ ದ ಆಫೀಸ್ ಈಸ್ ಕ್ಲೋಸ್ಡ್.' ನಾವು ಇಂಥ ಕಡೆ 'ಬರೆದುಂಟು' ಎನ್ನುವುದರಿಂದ 'ಇಟ್ ಈಸ್ ರಿಟನ್' ಎಂದು ಶುರು ಮಾಡುತ್ತೇವೆ. ತಪ್ಪಲ್ಲ, ಆದರೆ ಸಹಜವಾದದ್ದು 'ಸೆಝ್'.

ಮನುಷ್ಯನಿಲ್ಲದೆಯೂ 'ಟೆಲ್' ಬರುವ ಕೆಲವು ಜೋಡಿಗಳುಂಟು. ಇವುಗಳನ್ನು ಬಾಯಿಪಾಠ ಮಾಡುವುದೇ ದಾರಿ: ಟೆಲ್ ದ ಟ್ರೂತ್, ಟೆಲ್ ಎ ಲೈ, ಟೆಲ್ ಎ ಸ್ಟೋರಿ, ಟೆಲ್ ಎ ಜೋಕ್, ಟೆಲ್ ದ ಟೈಮ್, ಟೆಲ್ ದ ಡಿಫರೆನ್ಸ್. ಲೊಟ್ಟೆ ಹೇಳುವುದು, ಸತ್ಯ ಹೇಳುವುದು, ಕಥೆ ಹೇಳುವುದು ಎಲ್ಲವೂ 'ಟೆಲ್' ಪಾಲಿಗೆ. 'ಟೆಲ್ ದ ಡಿಫರೆನ್ಸ್' ಎಂದರೆ ವ್ಯತ್ಯಾಸ ಗುರುತಿಸುವುದು, ಬಾಯಿಬಿಟ್ಟು ಹೇಳುವುದೇನಲ್ಲ. ಇದಕ್ಕೆ ಎದುರಾಗಿ ಹಲೋ, ಸಾರಿ, ಎಸ್, ನೋ, ಗುಡ್‌ಬೈ, ಪ್ರೇಯರ್ ಇವೆಲ್ಲ 'ಸೇ' ಪಾಲಿಗೆ. 'ಟೆಲ್ ಸಾರಿ ಟು ಹರ್' ಎಂದು ಮಕ್ಕಳಿಗೆ ಕಲಿಸುವ ಹೆತ್ತವರು ದಯವಿಟ್ಟು 'ಸೇ ಸಾರಿ ಟು ಹರ್' ಎಂದು ಬದಲಿಸಿಕೊಳ್ಳಿ. ಮಗು ಮೊದಲು ಕಲಿಯುವುದೇ ನಿಮ್ಮಿಂದ.

ಒಂದು ಇಂಗ್ಲಿಷ್ ಪದ ಗೊತ್ತಿಲ್ಲದಿದ್ದಾಗ ಕೇಳುವ ಬಗೆಯೂ ಇಲ್ಲಿಗೇ ಸೇರಿದ್ದು. 'ಹೌ ಟು ಟೆಲ್ ದಿಸ್ ಇನ್ ಇಂಗ್ಲಿಷ್?' ಅಲ್ಲ. 'ಹೌ ಡು ಯು ಸೇ ದಿಸ್ ಇನ್ ಇಂಗ್ಲಿಷ್?'

ಉಚ್ಚಾರದ ವಿಷಯ ಬಿಡುವ ಹಾಗಿಲ್ಲ. 'ಸೇ' ಎಂಬುದರ ಭೂತಕಾಲ 'ಸೆಡ್', ಎಳೆದು 'ಸೇಡ್' ಎನ್ನಬಾರದು. ಹಾಗೆಯೇ 'ಸೆಝ್', 'ಸೇಸ್' ಅಲ್ಲ. ಬರಹ ನೋಡಿ ಓದುವವರು ಇಲ್ಲಿ ಮೋಸಹೋಗುತ್ತಾರೆ.

ಫೋನಿನ ಬಗ್ಗೆಯೂ ಒಂದು ಮಾತು. ಕರೆ ಬಂದಾಗ ನಾವು 'ಹಾಂ, ಹೇಳಿ' ಎನ್ನುತ್ತೇವೆ. ಅದರಲ್ಲಿ ಗೌರವವೂ ಉಂಟು, ಆತ್ಮೀಯತೆಯೂ ಉಂಟು. ಅದನ್ನೇ 'ಯಾ, ಟೆಲ್ ಮಿ' ಎಂದಾಗ ನಮ್ಮವರಿಗೆ ಏನೂ ಅನಿಸದು. ಆದರೆ ಹೊರದೇಶದ ಗ್ರಾಹಕರಿಗೆ ಅದು ಅವಸರಪಡಿಸಿದಂತೆ ಕೇಳಿಸಬಹುದು. ಅಲ್ಲಿ 'ಎಸ್, ಪ್ಲೀಸ್ ಗೋ ಅಹೆಡ್' ಅಥವಾ 'ಹೌ ಕ್ಯಾನ್ ಐ ಹೆಲ್ಪ್ ಯು?' ಒಳ್ಳೆಯದು.

ಹಂತ 3: 'ಸ್ಪೀಕ್' ಮತ್ತು 'ಟಾಕ್'

ಇವೆರಡರ ನಡುವಿನ ಗೋಡೆ ಅಷ್ಟು ಗಟ್ಟಿಯದ್ದಲ್ಲ. 'ಐ ಸ್ಪೋಕ್ ಟು ಹಿಮ್' ಎಂದರೂ 'ಐ ಟಾಕ್ಡ್ ಟು ಹಿಮ್' ಎಂದರೂ ಬಹುಪಾಲು ಸಂದರ್ಭಗಳಲ್ಲಿ ಒಂದೇ. ಮೊದಲನೆಯದು ಸ್ವಲ್ಪ ಗಂಭೀರ, ಎರಡನೆಯದು ಸ್ವಲ್ಪ ಸಲಿಗೆಯದು. ಹಾಗಾಗಿ ಎಲ್ಲ ಕಡೆ ತಲೆ ಕೆಡಿಸಿಕೊಳ್ಳಬೇಡಿ. ಕೆಲವು ಕಡೆ ಮಾತ್ರ ಒಂದೇ ಪದ ಸರಿ.

ಭಾಷೆಗೆ 'ಸ್ಪೀಕ್'. 'ಐ ಸ್ಪೀಕ್ ತುಳು ಅಟ್ ಹೋಮ್ ಅಂಡ್ ಕನ್ನಡ ಅಟ್ ವರ್ಕ್.' ಸಂದರ್ಶನದಲ್ಲಿ 'ಐ ನೋ ಫೋರ್ ಲ್ಯಾಂಗ್ವೇಜಸ್' ಎನ್ನುವುದಕ್ಕಿಂತ 'ಐ ಸ್ಪೀಕ್ ಫೋರ್ ಲ್ಯಾಂಗ್ವೇಜಸ್' ಎನ್ನಿ. ಅದು ನಮ್ಮ ಊರಿನವರ ನಿಜವಾದ ಸಂಪತ್ತು, ಸಂಕೋಚವಿಲ್ಲದೆ ಹೇಳಬೇಕು.

ಸಭೆಯಲ್ಲಿ ಮಾತಾಡುವುದಕ್ಕೂ 'ಸ್ಪೀಕ್'. ಆದರೆ ನಾಮಪದವಾದಾಗ ಎರಡು ಬಗೆ: 'ಎ ಸ್ಪೀಚ್' ಎಂದರೆ ವೇದಿಕೆಯ ಭಾಷಣ, 'ಎ ಟಾಕ್' ಎಂದರೆ ಒಂದು ವಿಷಯದ ಮೇಲೆ ತಿಳಿದವರು ಕೊಡುವ ಉಪನ್ಯಾಸ. 'ಟಾಕ್ಸ್' ಎಂದು ಬಹುವಚನವಾದರೆ ಎರಡು ಪಕ್ಷಗಳ ನಡುವಿನ ಸಂಧಾನ ಮಾತುಕತೆ. ಪತ್ರಿಕೆಯಲ್ಲಿ 'ಪೀಸ್ ಟಾಕ್ಸ್' ಎಂದು ಓದುವುದು ಇದನ್ನೇ.

ಫೋನಿನಲ್ಲಿ 'ಮೇ ಐ ಸ್ಪೀಕ್ ಟು ದ ಮ್ಯಾನೇಜರ್?' ಎಂದು ಕೇಳಿದಾಗ, ಫೋನ್ ಎತ್ತಿದವರೇ ಮ್ಯಾನೇಜರ್ ಆಗಿದ್ದರೆ 'ಸ್ಪೀಕಿಂಗ್' ಎಂಬ ಒಂದೇ ಪದ ಉತ್ತರ. 'ಯಾರು ಮಾತಾಡೋದು?' ಎಂಬುದನ್ನು 'ಹೂ ಆರ್ ಯು?' ಎಂದರೆ ಒರಟಾಗುತ್ತದೆ. ಕನ್ನಡದಲ್ಲಿ ಹೇಗೆ 'ನೀನ್ಯಾರು' ಎನ್ನದೆ 'ಯಾರು ಮಾತಾಡೋದು' ಎನ್ನುತ್ತೇವೋ ಹಾಗೆಯೇ 'ಮೇ ಐ ನೋ ಹೂ ಈಸ್ ಸ್ಪೀಕಿಂಗ್?'

ಬಾಲ ಸೇರಿದರೆ ಅರ್ಥ ತಿರುಗುತ್ತದೆ. 'ಸ್ಪೀಕ್ ಅಪ್' ಎಂದರೆ ಸ್ವಲ್ಪ ಗಟ್ಟಿಯಾಗಿ ಮಾತಾಡಿ ಎಂದು. 'ಸ್ಪೀಕ್ ಔಟ್' ಎಂದರೆ ಅನ್ಯಾಯದ ಬಗ್ಗೆ ಹೆದರದೆ ಬಹಿರಂಗವಾಗಿ ಮಾತಾಡುವುದು. 'ಟಾಕ್ ಬ್ಯಾಕ್' ಎಂದರೆ ಹಿರಿಯರಿಗೆ ಎದುರುತ್ತರ ಕೊಡುವುದು. 'ಟಾಕ್ ಇಟ್ ಓವರ್' ಎಂದರೆ ಕೂತು ಮಾತಾಡಿ ತೀರ್ಮಾನಕ್ಕೆ ಬರುವುದು. ಒಬ್ಬರನ್ನು ಮಾತಿನಲ್ಲೇ ಒಪ್ಪಿಸಿ ಒಂದು ಕೆಲಸಕ್ಕೆ ಇಳಿಸಿದರೆ 'ಟಾಕ್ ಹಿಮ್ ಇಂಟು ಇಟ್', ಬೇಡವೆಂದು ಮನ ಒಲಿಸಿ ಹಿಂದೆ ತಂದರೆ 'ಟಾಕ್ ಹಿಮ್ ಔಟ್ ಆಫ್ ಇಟ್'.

ಹಂತ 4: 'ಕೇಳು' ಎಂಬುದನ್ನು ಬಿಡಿಸಿ

'ಆಸ್ಕ್' ಪದಕ್ಕೂ 'ಟೆಲ್' ಹಾಗೆಯೇ ಮನುಷ್ಯ ನೇರವಾಗಿ ಬೇಕು, 'ಟು' ಬೇಡ. ಆದರೆ ವಸ್ತು ಬೇಕೆಂದು ಕೇಳುವಾಗ 'ಫಾರ್' ಬೇಕೇ ಬೇಕು. ಮೀನಿನ ಅಂಗಡಿಯಲ್ಲಿ ನಿಂತು ನೋಡಿದರೆ ಮೂರೂ ರೂಪ ಒಟ್ಟಿಗೆ ಸಿಗುತ್ತವೆ. ಬಂಗುಡೆಯ ಕ್ರಯ ಕೇಳಿದೆ: 'ಐ ಆಸ್ಕ್ಡ್ ಹರ್ ದ ಪ್ರೈಸ್ ಆಫ್ ಬಂಗುಡೆ.' ಎರಡು ಕಿಲೋ ಬೂತಾಯಿ ಕೇಳಿದೆ: 'ಐ ಆಸ್ಕ್ಡ್ ಫಾರ್ ಟೂ ಕಿಲೋಸ್ ಆಫ್ ಬೂತಾಯಿ.' ಅಂಜಲ್ ಬಂದಿದೆಯೇ ಎಂದು ಕೇಳಿದೆ: 'ಐ ಆಸ್ಕ್ಡ್ ಇಫ್ ಅಂಜಲ್ ಹ್ಯಾಡ್ ಕಮ್.' ಕ್ರಯವನ್ನು ತಿಳಿಯಲು ಕೇಳಿದ್ದು, ಮೀನನ್ನು ಪಡೆಯಲು ಕೇಳಿದ್ದು. ಆ ಪಡೆಯುವ ಆಸೆಯೇ 'ಫಾರ್'.

ಕಿವಿಯ 'ಕೇಳು' ಎರಡಾಗುತ್ತದೆ. ತಾನಾಗಿ ಕಿವಿಗೆ ಬಿದ್ದರೆ 'ಹಿಯರ್', ಮನಸ್ಸಿಟ್ಟು ಕೇಳಿದರೆ 'ಲಿಸನ್ ಟು'. ರಾತ್ರಿ ಮನೆಯಲ್ಲಿ ಮಲಗಿದ್ದಾಗ ದೂರದ ಬಯಲಾಟದ ಚೆಂಡೆ ಕೇಳಿಸಿದರೆ 'ಐ ಕುಡ್ ಹಿಯರ್ ದ ಚೆಂಡೆ'. ಎದ್ದು ಹೋಗಿ ಭಾಗವತರ ಪದ ಕೇಳುತ್ತ ಕೂತರೆ 'ಐ ಲಿಸನ್ಡ್ ಟು ದ ಭಾಗವತ'. 'ಐ ಆಮ್ ಹಿಯರಿಂಗ್ ಸಾಂಗ್ಸ್' ಎನ್ನುವವರು ಈ ಚೆಂಡೆಯನ್ನು ನೆನಪಿಟ್ಟುಕೊಳ್ಳಬಹುದು.

ತರಗತಿಯಲ್ಲಿ ನಾವು 'ಸರ್, ಐ ಹ್ಯಾವ್ ಎ ಡೌಟ್' ಎನ್ನುತ್ತೇವೆ. ಭಾರತದೊಳಗೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಹೊರಗಿನವರಿಗೆ 'ಡೌಟ್' ಎಂದರೆ ಮೊದಲು ಹೊಳೆಯುವುದು ಅಪನಂಬಿಕೆ. ವಿದೇಶದಿಂದ ಬಂದ ಪ್ರಾಧ್ಯಾಪಕರು ಪಾಠ ಮುಗಿಸಿದ ಕೂಡಲೇ ಹೀಗೆ ಎದ್ದು ಹೇಳಿದರೆ, ತಾವು ಹೇಳಿದ್ದನ್ನು ಈತ ನಂಬಲಿಲ್ಲ ಎಂದುಕೊಂಡಾರು. 'ಐ ಹ್ಯಾವ್ ಎ ಕ್ವೆಶ್ಚನ್' ಎಂದರೆ ಎಲ್ಲಿಯೂ ನಡೆಯುತ್ತದೆ.

ಹಂತ 5: 'ಬಗ್ಗೆ' ಮತ್ತು 'ಗೆ' ತರುವ ತೊಂದರೆ

ಕನ್ನಡದಲ್ಲಿ 'ವಿಷಯದ ಬಗ್ಗೆ ಚರ್ಚಿಸಿದೆವು' ಎನ್ನುತ್ತೇವೆ. ಅಲ್ಲಿಂದ 'ವೀ ಡಿಸ್ಕಸ್ಡ್ ಅಬೌಟ್ ದ ಮ್ಯಾಟರ್' ಬರುತ್ತದೆ. 'ಡಿಸ್ಕಸ್' ಪದದ ಬೆನ್ನಿಗೆ ವಿಷಯ ನೇರವಾಗಿ ಬರಬೇಕು: 'ವೀ ಡಿಸ್ಕಸ್ಡ್ ದ ಮ್ಯಾಟರ್.' 'ಮೆನ್ಷನ್' ಮತ್ತು 'ಡಿಸ್ಕ್ರೈಬ್' ಪದಗಳಿಗೂ 'ಅಬೌಟ್' ಬೇಡ.

ಇದನ್ನು ನೆನಪಿಡಲು ನಾನು ಕಲಿಸುವ ಉಪಾಯ ಇಷ್ಟು: ಕ್ರಿಯಾಪದಕ್ಕೆ ಕಿರುಪದ ಬೇಡ, ನಾಮಪದಕ್ಕೆ ಬೇಕು. 'ಡಿಸ್ಕಸ್ ದ ಪ್ಲಾನ್', ಆದರೆ 'ಎ ಡಿಸ್ಕಶನ್ ಅಬೌಟ್ ದ ಪ್ಲಾನ್'. 'ಆನ್ಸರ್ ದ ಕ್ವೆಶ್ಚನ್', ಆದರೆ 'ದ ಆನ್ಸರ್ ಟು ದ ಕ್ವೆಶ್ಚನ್'. 'ರಿಕ್ವೆಸ್ಟ್ ಲೀವ್', ಆದರೆ 'ಎ ರಿಕ್ವೆಸ್ಟ್ ಫಾರ್ ಲೀವ್'. ಎಲ್ಲ ಪದಗಳಿಗೂ ಇದು ಹೊಂದುವುದಿಲ್ಲ. ಉದಾಹರಣೆಗೆ 'ರಿಪ್ಲೈ' ಪದಕ್ಕೆ ಕ್ರಿಯಾಪದವಾದಾಗಲೂ 'ಟು' ಬೇಕು: 'ಪ್ಲೀಸ್ ರಿಪ್ಲೈ ಟು ಮಿ', 'ರಿಪ್ಲೈ ಮಿ' ಅಲ್ಲ. ಆದರೂ ನಮ್ಮವರು ಮಾಡುವ ಮುಖ್ಯ ತಪ್ಪುಗಳು ಈ ಉಪಾಯದಿಂದ ನಿಲ್ಲುತ್ತವೆ.

ಇನ್ನೊಂದು ಗುಂಪು 'ಗೆ' ಪ್ರತ್ಯಯದಿಂದ ಹುಟ್ಟುವುದು. 'ನನಗೆ ವಿವರಿಸಿ' ಎಂಬುದು 'ಎಕ್ಸ್‌ಪ್ಲೇನ್ ಮಿ' ಆಗುತ್ತದೆ, 'ನನಗೊಂದು ಒಳ್ಳೆಯ ಹೋಟೆಲ್ ಸೂಚಿಸಿ' ಎಂಬುದು 'ಸಜೆಸ್ಟ್ ಮಿ ಎ ಗುಡ್ ಹೋಟೆಲ್' ಆಗುತ್ತದೆ. ಈ ಎರಡಕ್ಕೂ ಮೊದಲು ವಿಷಯ, ಮನುಷ್ಯ ಬೇಕಿದ್ದರೆ ಆಮೇಲೆ 'ಟು' ಹಿಡಿದುಕೊಂಡು: 'ಎಕ್ಸ್‌ಪ್ಲೇನ್ ದ ರೂಲ್ ಟು ಮಿ.' 'ಕುಡ್ ಯು ಸಜೆಸ್ಟ್ ಎ ಗುಡ್ ಹೋಟೆಲ್?' ಇದಕ್ಕೆ ತಿರುಗಿ ನಿಂತದ್ದು 'ಇನ್‌ಫಾರ್ಮ್'. ಅದಕ್ಕೆ ಮೊದಲು ಮನುಷ್ಯ: 'ಐ ಇನ್‌ಫಾರ್ಮ್ಡ್ ದ ಆಫೀಸ್ ದಟ್ ಐ ವಾಸ್ ಸಿಕ್.' ರಜೆಯ ಅರ್ಜಿ ಬರೆಯುವವರಿಗೆ ಇದು ದಿನವೂ ಬೇಕಾಗುವ ವಾಕ್ಯ.

ಹಂತ 6: ಮಾತುಕತೆಯ ಬಗೆಗಳಿಗೆ ಸರಿಯಾದ ಹೆಸರು

ಕ್ರಿಯಾಪದಗಳು ಸರಿಯಾದ ಮೇಲೆ ನಾಮಪದಗಳಿಗೆ ಬನ್ನಿ. ಇಲ್ಲಿ ನಮ್ಮ ಕರಾವಳಿಯ ಅನುಭವವೇ ದೊಡ್ಡ ಸಹಾಯ, ಏಕೆಂದರೆ ಮಾತನ್ನೇ ಕಲೆಯನ್ನಾಗಿ ಮಾಡಿದ ತಾಳಮದ್ದಳೆ ನಮ್ಮದು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಹಾಡಿನ ಮೇಲೆ ಅರ್ಥಧಾರಿಗಳು ಕೂತಲ್ಲಿಯೇ ಮಾತು ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿದ ಕಿವಿಗೆ ಮಾತಿನ ಬಗೆಗಳನ್ನು ಗುರುತಿಸುವುದು ಕಷ್ಟವಲ್ಲ.

ಕೃಷ್ಣ ಕೌರವನ ಸಭೆಗೆ ಸಂಧಾನಕ್ಕೆ ಹೋಗುವುದನ್ನು ತೆಗೆದುಕೊಳ್ಳಿ. ಎರಡು ಪಕ್ಷ, ಕೊಡುವ ಕೊಳ್ಳುವ ಮಾತು, ಕೊನೆಗೆ ಒಪ್ಪಂದವಾಗಬೇಕೆಂಬ ಉದ್ದೇಶ. ಇದು 'ನೆಗೋಶಿಯೇಶನ್'. ವಾಲಿ ನೆಲಕ್ಕೆ ಬಿದ್ದು ರಾಮನನ್ನು ಪ್ರಶ್ನಿಸುತ್ತಾನೆ, ರಾಮ ಕಾರಣ ಕೊಡುತ್ತಾನೆ. ಒಂದೊಂದು ಕಾರಣಕ್ಕೂ ಮರುಕಾರಣ. ಇದು 'ಆರ್ಗ್ಯುಮೆಂಟ್', ತರ್ಕ ಎಂಬ ಗೌರವದ ಅರ್ಥದಲ್ಲಿ. ಯುದ್ಧಭೂಮಿಯಲ್ಲಿ ಅರ್ಜುನ ಕೇಳುತ್ತ ಕೃಷ್ಣ ಉತ್ತರಿಸುತ್ತ ಸಾಗುವುದು 'ಡೈಲಾಗ್'. ಅಲ್ಲಿ ಗೆಲುವಿನ ಪ್ರಶ್ನೆಯಿಲ್ಲ, ತಿಳಿವಿನ ಪ್ರಶ್ನೆ ಮಾತ್ರ. ಕಾಲೇಜಿನಲ್ಲಿ ಪರ, ವಿರೋಧ ಎಂದು ತಂಡ ಕಟ್ಟಿ ನಿಯಮದಂತೆ ವಾದಿಸುವುದು 'ಡಿಬೇಟ್'.

'ಆರ್ಗ್ಯುಮೆಂಟ್' ಪದದಲ್ಲಿ ಜಾಗ್ರತೆ ಬೇಕು. 'ಶೀ ಮೇಡ್ ಎ ಗುಡ್ ಆರ್ಗ್ಯುಮೆಂಟ್' ಎಂದರೆ ಒಳ್ಳೆಯ ವಾದ ಮಂಡಿಸಿದಳು. 'ಶೀ ಹ್ಯಾಡ್ ಆನ್ ಆರ್ಗ್ಯುಮೆಂಟ್ ವಿತ್ ಹರ್ ಬಾಸ್' ಎಂದರೆ ಮೇಲಧಿಕಾರಿಯ ಜೊತೆ ಜಟಾಪಟಿ. ಮೊದಲಿನ ಒಂದು ಕ್ರಿಯಾಪದ ಬದಲಾದದ್ದಕ್ಕೆ ಹೊಗಳಿಕೆ ಹೋಗಿ ಜಗಳ ಬಂತು. ಸಂದರ್ಶನದಲ್ಲಿ ತಂಡದೊಳಗಿನ ಚರ್ಚೆಯನ್ನು ವರ್ಣಿಸುವಾಗ 'ವೀ ಹ್ಯಾಡ್ ಎ ಡಿಸ್ಕಶನ್' ಎಂಬುದೇ ಕ್ಷೇಮ.

'ಡೈಲಾಗ್' ಎಂದರೆ ಇಬ್ಬರ ಮಾತು ಮಾತ್ರ ಎಂದು ಕೆಲವರು ಕಲಿಸುತ್ತಾರೆ. ಅದು ಹಾಗಲ್ಲ. ಗ್ರೀಕಿನ 'ಡಯಾ' ಎಂಬುದಕ್ಕೆ 'ಮೂಲಕ, ಹಾಯ್ದು' ಎಂದರ್ಥ, ಎರಡು ಎಂದಲ್ಲ. ಮೂವರು ನಾಲ್ವರಿದ್ದರೂ ಡೈಲಾಗೇ. ಸಿನಿಮಾದ ಒಂದು ಒಳ್ಳೆಯ ಮಾತನ್ನು ನಾವು 'ಒಂದು ಡೈಲಾಗ್' ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು 'ಎ ಲೈನ್'. ಇಡೀ ಚಿತ್ರದ ಸಂಭಾಷಣೆ ಸೇರಿ 'ಡೈಲಾಗ್'.

ಇನ್ನು ನಮ್ಮ 'ಪಟ್ಟಾಂಗ'. ಕೆಲಸ ಮುಗಿಸಿ ಅಂಗಡಿ ಜಗಲಿಯಲ್ಲಿ ಕೂತು ಮಳೆ, ಅಡಿಕೆ ಕ್ರಯ, ಕ್ರಿಕೆಟ್ ಎಂದು ಮಾತಾಡುವುದು 'ಎ ಚಾಟ್'. 'ವೀ ಹ್ಯಾಡ್ ಎ ಚಾಟ್.' ಅಲ್ಲಿ ಇಲ್ಲದವರ ಮನೆಯ ವಿಷಯಕ್ಕೆ ಮಾತು ತಿರುಗಿದರೆ ಅದು 'ಗಾಸಿಪ್'. 'ಚಾಟ್' ಎಂಬುದು ವಾಟ್ಸಪ್ಪಿನದ್ದು ಮಾತ್ರವಲ್ಲ, ಎದುರು ಕೂತು ಆಡುವ ಮಾತಿಗೂ ಸಲ್ಲುತ್ತದೆ. ಪರಿಚಯವಿಲ್ಲದವರ ಜೊತೆ ಲಿಫ್ಟಿನಲ್ಲೋ ಸಭೆ ಶುರುವಾಗುವ ಮೊದಲೋ ಆಡುವ ಎರಡು ಮಾತು 'ಸ್ಮಾಲ್ ಟಾಕ್'. ನಮ್ಮಲ್ಲಿ ಅದು 'ಊಟ ಆಯ್ತಾ?', 'ಎಲ್ಲಿಗೆ ಹೊರಟದ್ದು?' ಎಂದು ಶುರುವಾಗುತ್ತದೆ. ಇವನ್ನು ಹಾಗೆಯೇ ಇಂಗ್ಲಿಷಿಗೆ ತಂದರೆ ಕೇಳಿದವರಿಗೆ ತನಿಖೆಯಂತಾಗುತ್ತದೆ. ಇಂಗ್ಲಿಷಿನವರು ಶುರು ಮಾಡುವುದು ಹವಾಮಾನದಿಂದ. ನಮ್ಮ ಮಳೆಗಾಲದಲ್ಲಿ ಅದಕ್ಕೆ ವಿಷಯದ ಕೊರತೆಯಿಲ್ಲ.

'ಕಾನ್ವರ್ಸೇಶನ್' ಇವೆಲ್ಲಕ್ಕೂ ಹೊಂದುವ ನಡುವಿನ ಪದ. ಅದರ ಜೊತೆಗಾರರನ್ನು ಕಲಿಯಿರಿ. 'ಹ್ಯಾವ್ ಎ ಕಾನ್ವರ್ಸೇಶನ್' ಎಂದರೆ ಮಾತುಕತೆ ನಡೆಸುವುದು. ಅಪರಿಚಿತರೊಂದಿಗೆ ಮಾತು ಶುರು ಮಾಡುವುದು 'ಸ್ಟ್ರೈಕ್ ಅಪ್ ಎ ಕಾನ್ವರ್ಸೇಶನ್'. ಸುಮ್ಮನಿರುವುದು ಚೆನ್ನಾಗಿರದು ಎಂದು ಸೌಜನ್ಯಕ್ಕೆ ಮಾತಾಡುವುದು 'ಮೇಕ್ ಕಾನ್ವರ್ಸೇಶನ್', ಇಲ್ಲಿ 'ಎ' ಇಲ್ಲ. ಕ್ರಿಯಾಪದವಾಗಿ 'ಕಾನ್ವರ್ಸ್' ಉಂಟು, ಆದರೆ ಆಡುಮಾತಿಗೆ ಭಾರವಾಗುತ್ತದೆ. 'ಟಾಕ್' ಸಾಕು. ಈ ಪದದ ಲ್ಯಾಟಿನ್ ಮೂಲಕ್ಕೆ 'ಜೊತೆಯಲ್ಲಿ ಬಾಳು' ಎಂಬ ಅರ್ಥವಿತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ 'ಕಾನ್ವರ್ಸೇಶನ್' ಎಂದು ಬಂದಲ್ಲೆಲ್ಲ ಮಾತುಕತೆ ಎಂದು ಓದಿದರೆ ಅರ್ಥ ತಪ್ಪುತ್ತದೆ. ಅಲ್ಲಿ ಅದಕ್ಕೆ ನಡತೆ, ಬಾಳುವ ರೀತಿ ಎಂಬ ಹಳೆಯ ಅರ್ಥ. ಹಳೆಯ ಪ್ರತಿ ಮನೆಯಲ್ಲಿರುವವರು ಇದನ್ನು ಗಮನಿಸಬಹುದು.

ಹಂತ 7: ಜೋರು ಮಾಡುವುದು, ಬೊಬ್ಬೆ ಹಾಕುವುದು

ಕೋಪದ ಮಾತಿನಲ್ಲಿ ಎರಡು ಮೂರು ಅಪಾಯಗಳುಂಟು. ನಮ್ಮ 'ಜೋರು ಮಾಡಿದರು' ಎಂಬುದಕ್ಕೆ ಹತ್ತಿರದ್ದು 'ಹಿ ಟೋಲ್ಡ್ ಮಿ ಆಫ್' ಅಥವಾ 'ಹಿ ಸ್ಕೋಲ್ಡೆಡ್ ಮಿ'. ಕಚೇರಿಗಳಲ್ಲಿ 'ಸರ್ ಫೈರ್ ಮಾಡಿದ್ರು' ಎನ್ನುವ ರೂಢಿಯಿದೆಯಲ್ಲ, ಅದನ್ನು 'ಹಿ ಫಯರ್ಡ್ ಮಿ' ಎಂದುಬಿಟ್ಟರೆ ಕೆಲಸದಿಂದ ತೆಗೆದುಹಾಕಿದರು ಎಂದಾಗುತ್ತದೆ.

'ಹ್ಯಾವ್ ಎ ವರ್ಡ್ ವಿತ್ ಹಿಮ್' ಎಂದರೆ ಅವನ ಹತ್ರ ಸ್ವಲ್ಪ ಪ್ರತ್ಯೇಕವಾಗಿ ಮಾತಾಡುವುದು. 'ಹ್ಯಾವ್ ವರ್ಡ್ಸ್ ವಿತ್ ಹಿಮ್' ಎಂದರೆ ಅವನ ಜೊತೆ ಮಾತಿಗೆ ಮಾತು ಬೆಳೆದು ಜಗಳವಾಗುವುದು. ಬೊಬ್ಬೆಗೂ ಹಾಗೆಯೇ. ದಕ್ಕೆಯಲ್ಲಿ ನಿಂತು ಬೋಟಿನಲ್ಲಿದ್ದವರಿಗೆ ಕೇಳಿಸಲೆಂದು ಕೂಗಿದರೆ 'ಶೌಟ್ ಟು', ಸಿಟ್ಟಿನಿಂದ ಒಬ್ಬರ ಮೇಲೆ ಬೊಬ್ಬೆ ಹಾಕಿದರೆ 'ಶೌಟ್ ಅಟ್'.

ಹಂತ 8: ಗೌರವವನ್ನು ಎಲ್ಲಿಡಬೇಕು

ನಾವು 'ಹೇಳಿ', 'ಬನ್ನಿ' ಎಂದು ಬಹುವಚನದಲ್ಲೇ ಗೌರವ ಇಟ್ಟುಬಿಡುತ್ತೇವೆ. ಇಂಗ್ಲಿಷಿನ 'ಯು' ಎಲ್ಲರಿಗೂ ಒಂದೇ. ಅಲ್ಲಿ ಗೌರವ ಕೂರುವುದು ವಾಕ್ಯದ ಮೊದಲಿನಲ್ಲಿ: 'ಕುಡ್ ಯು ಟೆಲ್ ಮಿ', 'ವುಡ್ ಯು ಮೈಂಡ್ ಎಕ್ಸ್‌ಪ್ಲೇನಿಂಗ್', 'ಮೇ ಐ ಆಸ್ಕ್'. ವಾಕ್ಯಕ್ಕೊಂದು 'ಸರ್' ಹಾಕುವುದಕ್ಕಿಂತ ಇದು ಹೆಚ್ಚು ಪರಿಣಾಮಕಾರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಂತ 9: ನಿಘಂಟನ್ನು ಸರಿಯಾಗಿ ತೆರೆಯಿರಿ

ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯು ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟನ್ನು 1886ರಲ್ಲಿ, ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಹೊರತಂದದ್ದು ನಮ್ಮ ಮಂಗಳೂರಿನಿಂದ. ಅವು ಅರ್ಥಕ್ಕೆ, ಪದದ ಬೇರಿಗೆ. ಬೆನ್ನಿಗೆ ಏನು ಬರಬೇಕು ಎಂದು ತಿಳಿಯಲು ಬೇಕಾದದ್ದು ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟು. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ತಮ್ಮ ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿ 1942ರಲ್ಲಿ ಅಲ್ಲಿ ಪ್ರಕಟವಾದ ನಿಘಂಟು, 1948ರಲ್ಲಿ ಆಕ್ಸ್‌ಫರ್ಡ್ ಮುದ್ರಣಾಲಯದಿಂದ ಬಂತು. ಯಾವ ಕ್ರಿಯಾಪದದ ಬೆನ್ನಿಗೆ ಏನು ಬರುತ್ತದೆ ಎಂದು ತೋರಿಸುವುದು ಅದರ ಒಂದು ಮುಖ್ಯ ಉದ್ದೇಶವೇ ಆಗಿತ್ತು. ಈಗ ಮೊಬೈಲಿನಲ್ಲಿಯೂ ಇಂಥ ನಿಘಂಟುಗಳು ಸಿಗುತ್ತವೆ. 'ಟೆಲ್' ಹುಡುಕಿದರೆ 'ಟೆಲ್ ಸಮ್‌ಬಡಿ ಸಮ್‌ಥಿಂಗ್' ಎಂದು ದಪ್ಪಕ್ಷರದಲ್ಲಿ ಕಾಣುತ್ತದೆ. ಅರ್ಥಕ್ಕಿಂತ ಮೊದಲು ಆ ಸಾಲನ್ನು ಓದಿ, ಪುಸ್ತಕದಲ್ಲಿ ಬರೆದುಕೊಳ್ಳಿ.

ಹಂತ 10: ಕೇಳಿದ ಮಾತನ್ನು ಒಪ್ಪಿಸುವ ಅಭ್ಯಾಸ

ದಿನಕ್ಕೊಂದು ಸಣ್ಣ ಮಾತುಕತೆಯನ್ನು ಆರಿಸಿ, ಯಾರು ಯಾರಿಗೆ ಏನೆಂದರು ಎಂದು ಇಂಗ್ಲಿಷಿನಲ್ಲಿ ಒಪ್ಪಿಸಿ. ಉಡುಪಿಯ ಬಸ್ ನಿಲ್ದಾಣದಲ್ಲಿ ಇಂಥದ್ದೊಂದು ಕಿವಿಗೆ ಬಿತ್ತೆಂದುಕೊಳ್ಳೋಣ.

'ಅಕ್ಕ, ಈ ಬಸ್ಸು ಮಲ್ಪೆಗೆ ಹೋಗ್ತದಾ?'
'ಇಲ್ಲ ಮಾರಾಯ, ಇದು ಮಣಿಪಾಲಕ್ಕೆ. ಮಲ್ಪೆದು ಆಚೆ ಬದಿ ನಿಲ್ತದೆ. ಕಂಡಕ್ಟರ್ ಹತ್ರ ಒಮ್ಮೆ ಕೇಳು.'
'ಮಳೆಗೆ ರೋಡ್ ಬಂದ್ ಅಂತ ಹೇಳ್ತಿದ್ರಲ್ಲ?'
'ಅದು ಲೊಟ್ಟೆ. ಯಾರೋ ವಾಟ್ಸಪ್ಪಲ್ಲಿ ಹಾಕಿದ್ದು.'

ಒಪ್ಪಿಸುವುದು ಹೀಗೆ: 'ಎ ಯಂಗ್ ಮ್ಯಾನ್ ಆಸ್ಕ್ಡ್ ಎ ವುಮನ್ ಇಫ್ ದ ಬಸ್ ವಾಸ್ ಗೋಯಿಂಗ್ ಟು ಮಲ್ಪೆ. ಶೀ ಸೆಡ್ ಇಟ್ ವಾಸ್ ಗೋಯಿಂಗ್ ಟು ಮಣಿಪಾಲ್. ಶೀ ಟೋಲ್ಡ್ ಹಿಮ್ ದಟ್ ದ ಮಲ್ಪೆ ಬಸ್ ಸ್ಟಾಪ್ಡ್ ಆನ್ ದ ಅದರ್ ಸೈಡ್, ಅಂಡ್ ಟೋಲ್ಡ್ ಹಿಮ್ ಟು ಆಸ್ಕ್ ದ ಕಂಡಕ್ಟರ್. ಹಿ ಸೆಡ್ ಪೀಪಲ್ ವರ್ ಸೇಯಿಂಗ್ ದಟ್ ದ ರೋಡ್ ವಾಸ್ ಕ್ಲೋಸ್ಡ್. ಶೀ ಸೆಡ್ ಇಟ್ ವಾಸ್ ನಾಟ್ ಟ್ರೂ.'

'ಆಸ್ಕ್ಡ್ ಎ ವುಮನ್', 'ಆಸ್ಕ್ ದ ಕಂಡಕ್ಟರ್' ಎರಡರಲ್ಲೂ 'ಟು' ಇಲ್ಲ. ಮನುಷ್ಯ ಇರುವಲ್ಲೆಲ್ಲ 'ಟೋಲ್ಡ್', ಇಲ್ಲದಲ್ಲೆಲ್ಲ 'ಸೆಡ್'. ಕೊನೆಯ ವಾಕ್ಯವನ್ನೂ ಗಮನಿಸಿ. ನಮ್ಮ 'ಲೊಟ್ಟೆ' ಎಷ್ಟೋ ಸಲ ಹಗುರವಾದ ಪದ, ಬರೇ ಸುಳ್ಳು ಸುದ್ದಿ ಎಂಬಷ್ಟೇ. ಇಂಗ್ಲಿಷಿನ 'ಲೈ' ಒಬ್ಬರ ಮೇಲೆ ಹೊರಿಸುವ ಆರೋಪ. ಆದ್ದರಿಂದ 'ನಾಟ್ ಟ್ರೂ'.

ಮೊದಲ ವಾರ ಬರೆದು ಒಪ್ಪಿಸಿ, ಆಮೇಲೆ ಬರೆಯದೆ ಬಾಯಿಯಲ್ಲೇ. ಜೊತೆಗೊಬ್ಬರಿದ್ದರೆ ಇನ್ನೂ ಒಳ್ಳೆಯದು. ಅವರ ಕೆಲಸ ಒಂದೇ: ನೀವು 'ಟೋಲ್ಡ್' ಎಂದ ಕೂಡಲೇ 'ಯಾರಿಗೆ?' ಎಂದು, 'ಸೆಡ್' ಎಂದ ಕೂಡಲೇ 'ಏನೆಂದು?' ಎಂದು ತಡೆದು ಕೇಳುವುದು.

ಶುರು ಮಾಡಲು ಐದು ಮಾತು ಕೊಡುತ್ತೇನೆ. ಮೊದಲು ನೀವೇ ಇಂಗ್ಲಿಷಿನಲ್ಲಿ ಹೇಳಿ, ಆಮೇಲೆ ಉತ್ತರ ನೋಡಿ. ಅವರು ಬರುವುದಿಲ್ಲ ಎಂದು ಹೇಳಿದರು. ನನ್ನ ಹತ್ರ ಬಾಗಿಲು ಹಾಕಲು ಹೇಳಿದರು. ಸಂಬಳದ ಬಗ್ಗೆ ಚರ್ಚಿಸೋಣ. ಈ ಫಾರ್ಮ್ ನನಗೆ ವಿವರಿಸಿ. ಅವರ ಹತ್ರ ರಶೀದಿ ಕೇಳಿ.

ಉತ್ತರಗಳು ಇವು: 'ಹಿ ಸೆಡ್ ಹಿ ವುಡ್ ನಾಟ್ ಕಮ್.' 'ದೇ ಟೋಲ್ಡ್ ಮಿ ಟು ಕ್ಲೋಸ್ ದ ಡೋರ್.' 'ಲೆಟ್ ಅಸ್ ಡಿಸ್ಕಸ್ ದ ಸ್ಯಾಲರಿ.' 'ಪ್ಲೀಸ್ ಎಕ್ಸ್‌ಪ್ಲೇನ್ ದಿಸ್ ಫಾರ್ಮ್ ಟು ಮಿ.' 'ಆಸ್ಕ್ ಹಿಮ್ ಫಾರ್ ದ ರಿಸೀಟ್.' ಎರಡರಲ್ಲಿ ತಪ್ಪಿದ್ದರೆ ಆ ಎರಡು ಕ್ರಿಯಾಪದಗಳನ್ನೇ ನಾಳೆಯ ಅಭ್ಯಾಸಕ್ಕೆ ಇಟ್ಟುಕೊಳ್ಳಿ.